ಕಾಟ್ಲಾ, ರೋಹುಗಳಿಗೆ ಲಸಿಕೆ ಎಲ್ಲಿದೆ? ಮೀನಿನ ಹುಣ್ಣು, ಔಷಧ ಮತ್ತು ಲಸಿಕೆಯ ಕುರಿತು ರೈತರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ರೈತ. ತೋಟದ ಕೆಳಗಿನ ಗದ್ದೆಯಲ್ಲಿ ಒಂದು ಎಕರೆ ಕೊಳ ಮಾಡಿಸಿ ಕಾಟ್ಲಾ, ರೋಹು, ಮೃಗಾಲ್ ಹಾಗೂ ಸ್ವಲ್ಪ ಸಾಮಾನ್ಯ ಗೆಂಡೆ ಬಿಟ್ಟಿದ್ದೇನೆ. ದೀಪಾವಳಿ ಕಳೆದ ಮೇಲೆ ಮೃಗಾಲ್‌ಗಳ ಮೈಮೇಲೆ ಕೆಂಪು ಚುಕ್ಕೆ ಕಾಣಿಸಿತು. ಹದಿನೈದು ದಿನಗಳಲ್ಲಿ ಅದು ಹುಣ್ಣಾಗಿ, ದಿನಕ್ಕೆ ಐದಾರು ಮೀನು ಸಾಯತೊಡಗಿದವು. ಸಾಮಾನ್ಯ ಗೆಂಡೆಗೆ ಏನೂ ಆಗಿಲ್ಲ. ಅಂಗಡಿಯವರು ಕೊಟ್ಟ ಹಳದಿ ಪುಡಿಯನ್ನು ತೌಡು, ಹಿಂಡಿಯಲ್ಲಿ ಕಲಸಿ ಆರು ದಿನ ಹಾಕಿದೆ. ಅದೇ ವಾರ ಸುಣ್ಣವನ್ನೂ ಹಾಕಿದೆ. ಪೊಟ್ಟಣದ ಮೇಲೆ ಔಷಧದ ಹೆಸರಿರಲಿಲ್ಲ. ಸಾವು ಸ್ವಲ್ಪ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಈಗ ಅದೇ ಅಂಗಡಿಯವರು ‘ಮೀನಿನ ಲಸಿಕೆ ಬಂದಿದೆ, ಒಂದು ಲೀಟರ್ ಕೊಳಕ್ಕೆ ಸುರಿದರೆ ಸಾಕು, ಮುಂದೆ ರೋಗವೇ ಬರುವುದಿಲ್ಲ’ ಎನ್ನುತ್ತಿದ್ದಾರೆ. ನಾರ್ವೆಯಲ್ಲಿ ಪ್ರತಿ ಮೀನಿಗೂ ಸೂಜಿ ಹಾಕುವುದನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಅಲ್ಲಿ ಇರುವುದು ನಮ್ಮಲ್ಲಿ ಏಕಿಲ್ಲ? ಈ ಬಾಟಲಿ ಕೊಳ್ಳಬಹುದೇ? ಉಳಿದ ಮೀನನ್ನು ಸಂಕ್ರಾಂತಿಯ ನಂತರ ಹಿಡಿದು ಮಾರಿದರೆ ತಿನ್ನುವವರಿಗೆ ತೊಂದರೆಯಾದೀತೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕೊಳದಲ್ಲಿರುವ ರೋಗ ಯಾವುದು, ಹಾಕಿದ ಪುಡಿ ಸರಿಯೇ, ಮುಂದೆ ಇದು ಬಾರದಂತೆ ಲಸಿಕೆಯಿಂದ ತಡೆಯಬಹುದೇ ಎಂಬುವು ಆ ಮೂರು. ಹಣ ಖರ್ಚಾಗುವ ಮುನ್ನ ಹೇಳಬೇಕಾದದ್ದನ್ನು ಮೊದಲು ಹೇಳುತ್ತೇನೆ. ಒಂದು ಎಕರೆ ಕೊಳಕ್ಕೆ ಒಂದು ಲೀಟರ್ ಸುರಿದು ರೋಗವನ್ನು ತಡೆಯುವ ಲಸಿಕೆ ಎಂಬುದು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಅದನ್ನು ಕೊಳ್ಳಬೇಡಿ. ಆ ಬಾಟಲಿಯಲ್ಲಿ ನೀರನ್ನು ಸೋಂಕುರಹಿತಗೊಳಿಸುವ ದ್ರಾವಣವೋ ಪ್ರೋಬಯಾಟಿಕ್ಕೋ (ಉಪಕಾರಿ ಸೂಕ್ಷ್ಮಜೀವಿಗಳ ಮಿಶ್ರಣ) ಇರಬಹುದು. ಅದರಿಂದ ಒಂದಿಷ್ಟು ಪ್ರಯೋಜನವೂ ಆಗಬಹುದು. ಆದರೆ ಅದು ಲಸಿಕೆಯಲ್ಲ.

ಏಕೆ ಅಲ್ಲ ಎಂಬುದನ್ನು ನಿಮ್ಮ ಕೊಳದ ಲೆಕ್ಕದಿಂದಲೇ ನೋಡೋಣ. ಒಂದು ಎಕರೆ ಕೊಳದಲ್ಲಿ ಐದಡಿ ನೀರಿದ್ದರೆ ಅದು ಸುಮಾರು 60 ಲಕ್ಷ ಲೀಟರ್. ಅಷ್ಟು ನೀರಿನಲ್ಲಿ ಒಂದು ಲೀಟರ್ ಲಸಿಕೆ ಬೆರೆತರೆ ಮೀನಿನ ಕಿವಿರಿಗಾಗಲಿ ಚರ್ಮಕ್ಕಾಗಲಿ ತಾಗುವ ಅಂಶ ಲೆಕ್ಕಕ್ಕೇ ಬಾರದು. ನೀರಿನ ಮೂಲಕ ಕೊಡುವ ಲಸಿಕೆಗಳು ಇವೆ, ನಿಜ. ಆದರೆ ಅವನ್ನು ಕೊಳಕ್ಕೆ ಸುರಿಯುವುದಿಲ್ಲ. ಸಾಮಾನ್ಯವಾಗಿ ಒಂದು ಲೀಟರ್ ಲಸಿಕೆಗೆ ಒಂಬತ್ತು ಲೀಟರ್ ನೀರು ಬೆರೆಸಿದ ತೊಟ್ಟಿಯಲ್ಲಿ, ಬಲೆಬುಟ್ಟಿಯಲ್ಲಿ ತುಂಬಿದ ಪುಟ್ಟ ಮರಿಗಳನ್ನು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಅದ್ದಿ ತೆಗೆಯುತ್ತಾರೆ. ಅಷ್ಟು ದಟ್ಟ ದ್ರಾವಣ ಬೇಕು. ಅದನ್ನು ಮಾಡಬೇಕಾದ ಜಾಗ ಮರಿ ಉತ್ಪಾದನಾ ಕೇಂದ್ರ, ಮಾಡಬೇಕಾದ ಸಮಯ ರೋಗ ಬರುವುದಕ್ಕೆ ಬಹಳ ಮೊದಲು.

ಈ ‘ಬಹಳ ಮೊದಲು’ ಎಂಬುದು ಮುಖ್ಯ. ಲಸಿಕೆ ರೋಗ ವಾಸಿಮಾಡುವ ಔಷಧವಲ್ಲ. ಕೊಂದ ಅಥವಾ ದುರ್ಬಲಗೊಳಿಸಿದ ರೋಗಾಣುವನ್ನೋ ಅದರ ಒಂದು ತುಣುಕನ್ನೋ ಆರೋಗ್ಯವಂತ ಮೀನಿನ ದೇಹಕ್ಕೆ ಪರಿಚಯಿಸಿ, ಮುಂದೆ ಅದೇ ರೋಗಾಣು ಬಂದಾಗ ಗುರುತಿಸಿ ಎದುರಿಸುವಂತೆ ಮಾಡುವುದು ಅದರ ಕೆಲಸ. ಮೀನು ಶೀತರಕ್ತದ ಜೀವಿಯಾದ್ದರಿಂದ ಈ ಕಲಿಕೆಯ ವೇಗ ನೀರಿನ ಬಿಸಿಯನ್ನು ಅವಲಂಬಿಸಿದೆ. ಅದಕ್ಕಾಗಿ ಮೀನಿನ ಲಸಿಕೆಯ ಅವಧಿಯನ್ನು ಬರಿಯ ದಿನಗಳಲ್ಲಿ ಎಣಿಸದೆ, ದಿನಗಳ ಸಂಖ್ಯೆಯನ್ನು ನೀರಿನ ಉಷ್ಣಾಂಶದಿಂದ ಗುಣಿಸಿ ‘ದಿನ–ಡಿಗ್ರಿ’ಯಲ್ಲಿ ಎಣಿಸುತ್ತಾರೆ. ಸಾಲ್ಮನ್ ಮೀನಿನಲ್ಲಿ ರಕ್ಷಣೆ ಬಲಿಯಲು ಸುಮಾರು 500 ದಿನ–ಡಿಗ್ರಿ ಬೇಕೆಂದು ಲೆಕ್ಕ ಹಾಕಿದರೆ, 10 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಅದಕ್ಕೆ 50 ದಿನ ಹಿಡಿಯುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಗೆಂಡೆ ಮೀನಿಗೆ ಎರಡು, ಮೂರು ವಾರ ಸಾಕಾಗಬಹುದು. ಆದರೂ ಹುಣ್ಣು ಬಿದ್ದು, ಮೇವು ಬಿಟ್ಟು, ದಂಡೆಯಲ್ಲಿ ತೇಲುತ್ತಿರುವ ಮೀನಿಗೆ ಅಷ್ಟು ಸಮಯವಿರುವುದಿಲ್ಲ. ಎಷ್ಟೋ ಸಲ ರೋಗಪೀಡಿತ ಮೀನಿಗೆ ಲಸಿಕೆ ಹಾಕುವ ಒತ್ತಡವೇ ಅದನ್ನು ಕೊಲ್ಲುತ್ತದೆ.

ಈಗ ನಿಮ್ಮ ಕೊಳದ ಹುಣ್ಣಿನ ವಿಷಯ. ಮೀನಿನ ಮೈಮೇಲಿನ ಹುಣ್ಣು ಒಂದೇ ರೋಗದ ಗುರುತಲ್ಲ. ಮೀನು ಹೇನು ಕಚ್ಚಿದ ಗಾಯ ಕೀವಾದರೂ ಹುಣ್ಣಾಗುತ್ತದೆ, ಏರೋಮೋನಾಸ್ ಬ್ಯಾಕ್ಟೀರಿಯಾದಿಂದಲೂ ಆಗುತ್ತದೆ, ‘ಇ.ಯು.ಎಸ್.’ ಎಂದು ಕರೆಯುವ ಸಾಂಕ್ರಾಮಿಕ ಹುಣ್ಣುರೋಗದಿಂದಲೂ ಆಗುತ್ತದೆ. ಈ ಕೊನೆಯದು 1988ರಲ್ಲಿ ಈಶಾನ್ಯ ರಾಜ್ಯಗಳ ಕಡೆಯಿಂದ ಭಾರತಕ್ಕೆ ಬಂದು ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಹರಡಿತು. ಜನ ಮೀನು ತಿನ್ನುವುದನ್ನೇ ಬಿಟ್ಟ ಊರುಗಳಿದ್ದವು. ಇದರ ಮೂಲ ಅಫನೋಮೈಸಿಸ್ ಇನ್ವಾಡನ್ಸ್ ಎಂಬ, ಶಿಲೀಂಧ್ರವನ್ನು ಹೋಲುವ ನೀರಿನ ಜೀವಿ. ಮಳೆಗಾಲ ಮುಗಿದು ನೀರು ತಣ್ಣಗಾಗುವ ತಿಂಗಳುಗಳಲ್ಲಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿದಾಗ ಇದು ಚರ್ಮದ ಮೂಲಕ ಒಳಹೊಕ್ಕು ಮಾಂಸದಲ್ಲಿ ಎಳೆಎಳೆಯಾಗಿ ಬೆಳೆಯುತ್ತದೆ. ಕೊರವ ಮೀನು ಇದಕ್ಕೆ ಬಹುಬೇಗ ತುತ್ತಾಗುತ್ತದೆ, ಮೃಗಾಲ್ ಕೂಡ ತುತ್ತಾಗುತ್ತದೆ. ಸಾಮಾನ್ಯ ಗೆಂಡೆ ಮತ್ತು ತಿಲಾಪಿಯ ಮಾತ್ರ ಇದನ್ನು ತಾಳಿಕೊಳ್ಳುತ್ತವೆ.

ದೀಪಾವಳಿಯ ನಂತರದ ತಂಪು, ಮೃಗಾಲ್‌ನ ಮೇಲೆ ಹುಣ್ಣು, ಅದೇ ನೀರಿನಲ್ಲಿ ಸಾಮಾನ್ಯ ಗೆಂಡೆ ಆರೋಗ್ಯವಾಗಿರುವುದು, ಜೊತೆಗೆ ಆಮ್ಲೀಯ ಗುಣದ ಮಲೆನಾಡಿನ ಜಂಬಿಟ್ಟಿಗೆ ಮಣ್ಣು: ಇವೆಲ್ಲ ಒಟ್ಟಾದಾಗ ನನ್ನ ಅನುಮಾನ ಇ.ಯು.ಎಸ್. ಕಡೆಗೇ ವಾಲುತ್ತದೆ. ಆದರೆ ಪತ್ರ ಓದಿ ರೋಗ ನಿರ್ಧರಿಸುವುದು ತಪ್ಪು. ನೀವೇ ಒಂದು ಕೆಲಸ ಮಾಡಬಹುದು. ಹುಣ್ಣಿರುವ ಮೀನೊಂದನ್ನು ಹಿಡಿದು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಈಜುರೆಕ್ಕೆಗಳ ಬುಡ ಮತ್ತು ಹುರುಪೆಗಳ ಸಂದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಉದ್ದಿನ ಕಾಳಿಗಿಂತ ಸ್ವಲ್ಪ ಅಗಲದ, ಚಪ್ಪಟೆಯಾದ, ಗಾಜಿನಂತೆ ಪಾರಕವಾದ ಹುಳು ಸರಿದಾಡಿದರೆ ಅದು ಆರ್ಗುಲಸ್, ಅಂದರೆ ಮೀನು ಹೇನು. ಅದು ಕಾಣದೆ, ಹುಣ್ಣಿನ ನಡುಭಾಗ ಆಳಕ್ಕೆ ಕೊರೆದು ಅಂಚು ಕೆಂಪಾಗಿ, ಒಳಗಿನ ಮಾಂಸ ಸತ್ತಂತಿದ್ದರೆ ಇ.ಯು.ಎಸ್. ಅನುಮಾನ ಬಲವಾಗುತ್ತದೆ. ಹೊಟ್ಟೆ ಊದಿ, ಹುರುಪೆ ನಿಮಿರಿ, ಗುದದ್ವಾರ ಕೆಂಪಾಗಿದ್ದರೆ ಏರೋಮೋನಾಸ್ ಸೋಂಕಿನ ಸಾಧ್ಯತೆ ಹೆಚ್ಚು. ಖಚಿತಪಡಿಸಲು ಪ್ರಯೋಗಾಲಯವೇ ಬೇಕು. ಹುಣ್ಣಿನ ಅಂಚಿನಿಂದ, ಆರೋಗ್ಯವಂತ ಮಾಂಸವೂ ಸ್ವಲ್ಪ ಸೇರಿದಂತೆ ಕತ್ತರಿಸಿದ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಅಡ್ಡಗೋಡೆಯಿಲ್ಲದ ಎಳೆಗಳು, ಅವುಗಳ ಸುತ್ತ ಗಂಟುಕಟ್ಟಿದ ಜೀವಕೋಶಗಳು ಕಂಡರೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಪ್ರಯೋಗಾಲಯಗಳಿಗೆ ಬರುವ ಮಾದರಿಗಳಲ್ಲಿ ಬಹಳಷ್ಟು ಕೊಳೆತು ಬರುತ್ತವೆ. ಇದು ನನಗೆ ನೋವಿನ ಸಂಗತಿ, ಏಕೆಂದರೆ ಸತ್ತ ಮೀನಿನಲ್ಲಿ ನೀರಿನ ಬ್ಯಾಕ್ಟೀರಿಯಾಗಳು ಗಂಟೆಗಳಲ್ಲೇ ತುಂಬಿಕೊಳ್ಳುತ್ತವೆ; ಆಮೇಲೆ ಸಿಗುವ ಏರೋಮೋನಾಸ್ ಸಾವಿಗೆ ಕಾರಣವೋ ಸಾವಿನ ನಂತರ ಬಂದದ್ದೋ ಯಾರೂ ಹೇಳಲಾರರು. ನಿಸ್ತೇಜವಾಗಿದ್ದರೂ ಇನ್ನೂ ಜೀವವಿರುವ ಎರಡು ಮೂರು ಮೀನುಗಳನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿ. ಅದು ಆಗದಿದ್ದರೆ ಆಗತಾನೇ ಸತ್ತದ್ದನ್ನು ಮಂಜುಗಡ್ಡೆಯ ನಡುವೆ ಇಟ್ಟು ತನ್ನಿ, ಫ್ರೀಜರಿನಲ್ಲಿಡಬೇಡಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಮೂಲಕ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನು ಸಂಪರ್ಕಿಸಬಹುದು. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್‌ನಲ್ಲೂ ಫೋಟೊ ಸಹಿತ ವರದಿ ಮಾಡಬಹುದು.

ಇನ್ನು ಆ ಹಳದಿ ಪುಡಿ. ಹೆಸರಿಲ್ಲದ ಪೊಟ್ಟಣದಲ್ಲಿ ಏನಿತ್ತೆಂದು ಹೇಳಲಾಗದು. ಬಣ್ಣ ಮತ್ತು ಬಳಸಿದ ರೀತಿ ನೋಡಿದರೆ ಆಕ್ಸಿಟೆಟ್ರಾಸೈಕ್ಲಿನ್ ಆಗಿರಬಹುದು, ನಿಷೇಧಿತ ನೈಟ್ರೋಫ್ಯೂರಾನ್ ಗುಂಪಿನದೂ ಆಗಿರಬಹುದು. ಆ ಗುಂಪಿನ ಔಷಧಗಳೂ ಹಳದಿಯೇ. ಮೊದಲನೆಯದೇ ಎಂದಿಟ್ಟುಕೊಂಡರೂ ಅದು ಬ್ಯಾಕ್ಟೀರಿಯಾವನ್ನು ತಡೆಯುವ ಆಂಟಿಬಯಾಟಿಕ್. ಇ.ಯು.ಎಸ್.ನ ಮೂಲ ಜೀವಿಯನ್ನು ಅದು ಮುಟ್ಟುವುದಿಲ್ಲ, ಹುಣ್ಣಿನ ಮೇಲೆ ಆಮೇಲೆ ಕೂತ ಬ್ಯಾಕ್ಟೀರಿಯಾವನ್ನು ಮಾತ್ರ ತಗ್ಗಿಸುತ್ತದೆ. ಸಾವು ‘ಸ್ವಲ್ಪ ಕಡಿಮೆಯಾಗಿದೆ, ನಿಂತಿಲ್ಲ’ ಎಂಬ ನಿಮ್ಮ ಮಾತಿಗೆ ಇದು ಹೊಂದುತ್ತದೆ. ಇನ್ನೊಂದು ತೊಡಕು ಮೀನು ಸಾಕಣೆಗೇ ವಿಶೇಷವಾದದ್ದು. ರೋಗ ಬಂದ ಮೀನು ಮೊದಲು ಬಿಡುವುದೇ ಮೇವನ್ನು. ಹಾಗಾಗಿ ಮೇವಿನಲ್ಲಿ ಕಲಸಿದ ಔಷಧದ ಬಹುಪಾಲು ಅದರ ಅಗತ್ಯವೇ ಇಲ್ಲದ ಆರೋಗ್ಯವಂತ ಮೀನುಗಳ ಹೊಟ್ಟೆ ಸೇರುತ್ತದೆ. ತೌಡು, ಹಿಂಡಿಯ ಉಂಡೆಯಿಂದ ಒಂದಿಷ್ಟು ನೀರಿಗೆ ಕರಗಿ ಹೋಗುತ್ತದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಕ್ಯಾಲ್ಸಿಯಂ ಜೊತೆ ಬೆಸೆದುಕೊಳ್ಳುವ ಸ್ವಭಾವದವು. ಅದೇ ವಾರ ನೀವು ಸುಣ್ಣ ಹಾಕಿದ್ದರಿಂದ ನೀರಿಗಿಳಿದ ಅಂಶ ಇನ್ನಷ್ಟು ನಿಷ್ಪ್ರಯೋಜಕವಾಗಿರುತ್ತದೆ. ಕೆಸರಿನಲ್ಲಿ ಉಳಿದ ಅಲ್ಪ ಪ್ರಮಾಣ ಮಾತ್ರ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆ ಔಷಧವನ್ನು ತಾಳಿಕೊಳ್ಳುವುದನ್ನು ಕಲಿಸುತ್ತಿರುತ್ತದೆ.

ಇಷ್ಟು ಹೇಳಿದೆನೆಂದು ಆಂಟಿಬಯಾಟಿಕ್‌ಗಳೇ ಕೂಡದು ಎಂದು ಅರ್ಥವಲ್ಲ. ಬ್ಯಾಕ್ಟೀರಿಯಾ ರೋಗವೆಂದು ಖಚಿತವಾಗಿ, ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ಪರೀಕ್ಷೆಯಿಂದ ತಿಳಿದು, ಮೀನಿನ ಒಟ್ಟು ತೂಕಕ್ಕೆ ತಕ್ಕ ಪ್ರಮಾಣವನ್ನು ತಜ್ಞರ ಸಲಹೆಯಂತೆ, ಸಾಮಾನ್ಯವಾಗಿ ಹತ್ತು ದಿನ, ಪೂರ್ತಿಯಾಗಿ ಕೊಟ್ಟರೆ ಅದು ನ್ಯಾಯವಾದ ಚಿಕಿತ್ಸೆ. ಅಮೆರಿಕದಲ್ಲೂ ಮೇವಿನ ಮೂಲಕ ಕೊಡಲು ಅನುಮತಿ ಪಡೆದ ಆಂಟಿಬಯಾಟಿಕ್‌ಗಳು ಬೆರಳೆಣಿಕೆಯಷ್ಟೇ: ಫ್ಲೋರ್‌ಫೆನಿಕಾಲ್, ಆಕ್ಸಿಟೆಟ್ರಾಸೈಕ್ಲಿನ್, ಮತ್ತು ಸಲ್ಫಾ ಗುಂಪಿನ ಒಂದು ಮಿಶ್ರಣ. ಇಷ್ಟು ಕಡಿಮೆ ಏಕೆಂದರೆ ಪ್ರತಿ ಔಷಧವನ್ನೂ ಮೀನಿನ ಜಾತಿಗೆ, ನೀರಿನ ಉಷ್ಣಾಂಶಕ್ಕೆ ತಕ್ಕಂತೆ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮಾಂಸದಲ್ಲಿ ಅದು ಎಷ್ಟು ದಿನ ಉಳಿಯುತ್ತದೆ, ನೀರಿನ ಇತರ ಜೀವಿಗಳಿಗೆ ಏನು ಮಾಡುತ್ತದೆ ಎಂದು ತೋರಿಸಬೇಕು. ಅಷ್ಟೆಲ್ಲ ವೆಚ್ಚ ಮಾಡಿದ ಮೇಲೂ ಮಾರುಕಟ್ಟೆ ಚಿಕ್ಕದು. ಆದ್ದರಿಂದ ಮೀನಿಗೆಂದೇ ಹೊಸ ಔಷಧ ಹುಡುಕುವ ಕಂಪನಿಗಳು ಅಪರೂಪ. ಈ ಕಾರಣದಿಂದಲೇ ನಾವು ಲಸಿಕೆಯ ಕಡೆ ಆಸೆಯಿಂದ ನೋಡುವುದು.

ಆ ಆಸೆ ಹುರುಳಿಲ್ಲದ್ದೇನಲ್ಲ. ಮೀನಿಗೆ ಬಾಯಿಯ ಮೂಲಕ ಲಸಿಕೆ ಕೊಡುವ ಪ್ರಯತ್ನವನ್ನು ಕೆನಡಾದ ಡಫ್ ಎಂಬ ವಿಜ್ಞಾನಿ 1942ರಲ್ಲೇ ಟ್ರೌಟ್ ಮೀನಿನ ಮೇಲೆ ಮಾಡಿ ಪ್ರಕಟಿಸಿದ್ದರು. ನಂತರದ ದಶಕಗಳಲ್ಲಿ ಆಂಟಿಬಯಾಟಿಕ್‌ಗಳು ಅಗ್ಗವಾಗಿ ಸಿಗತೊಡಗಿದ್ದರಿಂದ ಆ ದಾರಿ ಹಿಂದೆ ಬಿತ್ತು. 1976ರಲ್ಲಿ ಅಮೆರಿಕದಲ್ಲಿ ಟ್ರೌಟ್‌ನ ಕೆಂಪುಬಾಯಿ ರೋಗದ ವಿರುದ್ಧದ ಲಸಿಕೆಗೆ ಪರವಾನಗಿ ಸಿಕ್ಕಿ, ಮೀನಿನ ಲಸಿಕೆ ಮಾರುಕಟ್ಟೆಗೆ ಬಂತು. ಆದರೆ ಲಸಿಕೆಯ ಶಕ್ತಿಯನ್ನು ಜಗತ್ತಿಗೆ ತೋರಿಸಿದ್ದು ನಾರ್ವೆ. 1987ರಲ್ಲಿ ಅಲ್ಲಿನ ಸಾಲ್ಮನ್ ಸಾಕಣೆ ಇನ್ನೂ ಚಿಕ್ಕದಿತ್ತು, ಆದರೂ ಆ ಒಂದೇ ವರ್ಷ ಸುಮಾರು 50 ಟನ್ ಆಂಟಿಬಯಾಟಿಕ್ ಸಾಕು ಮೀನುಗಳಿಗೆ ಬಳಕೆಯಾಯಿತು. ತಣ್ಣೀರಿನ ವಿಬ್ರಿಯೋ ರೋಗಕ್ಕೆ ಒಂದು ಲಸಿಕೆ, 1990ರ ದಶಕದ ಆರಂಭದಲ್ಲಿ ಫ್ಯುರಂಕ್ಯುಲೋಸಿಸ್ ಎಂಬ ಹುಣ್ಣುರೋಗಕ್ಕೆ ಎಣ್ಣೆಯಲ್ಲಿ ಬೆರೆಸಿದ ಇನ್ನೊಂದು ಲಸಿಕೆ ಬಂದ ಮೇಲೆ ಆ ಬಳಕೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಇಂದು ಅಲ್ಲಿ ಹತ್ತು ಲಕ್ಷ ಟನ್ನಿಗೂ ಮೀರಿ ಸಾಲ್ಮನ್ ಬೆಳೆದರೂ ವರ್ಷದ ಆಂಟಿಬಯಾಟಿಕ್ ಬಳಕೆ ಒಂದು ಟನ್ನಿಗಿಂತ ಕಡಿಮೆ.

ನೀವು ಮೊಬೈಲಿನಲ್ಲಿ ನೋಡಿದ್ದು ಆ ಲಸಿಕೆ ಹಾಕುವ ಕ್ರಮವನ್ನೇ. ಮರಿಗಳನ್ನು ಅರಿವಳಿಕೆ ಬೆರೆಸಿದ ನೀರಿನಲ್ಲಿ ಮಂಕಾಗಿಸಿ, ಹೊಟ್ಟೆಯ ಕೆಳಗಿನ ನಡುಗೆರೆಯ ಮೇಲೆ, ಸೊಂಟದ ಈಜುರೆಕ್ಕೆಗಿಂತ ಸ್ವಲ್ಪ ಮುಂದೆ ಸೂಜಿ ಚುಚ್ಚಿ 0.05ರಿಂದ 0.1 ಮಿಲಿಲೀಟರ್ ಲಸಿಕೆಯನ್ನು ಹೊಟ್ಟೆಯ ಪೊಳ್ಳಿಗೆ ಬಿಡುತ್ತಾರೆ. ಸೂಜಿ ಗಿಡ್ಡವಾದರೆ ಲಸಿಕೆ ಮಾಂಸದಲ್ಲೇ ಉಳಿಯುತ್ತದೆ, ಉದ್ದವಾದರೆ ಕರುಳಿಗೆ ತಾಗುತ್ತದೆ. ಇದರಲ್ಲಿ ಹಾನಿಯೂ ಉಂಟು. ಎಣ್ಣೆಯ ಲಸಿಕೆ ಹಾಕಿದ ಮೀನುಗಳ ಹೊಟ್ಟೆಯೊಳಗೆ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು, ಕಪ್ಪು ಕಲೆ ಕಟ್ಟುವುದು ಕಂಡುಬಂದಿದೆ. ಲಸಿಕೆಯೊಂದೇ ನಾರ್ವೆಯನ್ನು ಕಾಪಾಡಲಿಲ್ಲ ಎಂಬುದನ್ನೂ ಹೇಳಬೇಕು. ಸಾಕಣೆ ತಾಣಗಳ ನಡುವೆ ಅಂತರ, ಒಂದು ತಾಣದಲ್ಲಿ ಒಂದೇ ವಯಸ್ಸಿನ ಮೀನು, ಎರಡು ಬೆಳೆಗಳ ನಡುವೆ ನೀರನ್ನು ಖಾಲಿ ಬಿಡುವುದು, ಇವೂ ಜೊತೆಗಿದ್ದವು. ಚಿಲಿ ದೇಶದ ಸ್ಥಿತಿ ಬೇರೆ. ಅಲ್ಲಿಯೂ ಸಾಲ್ಮನ್‌ಗೆ ಲಸಿಕೆ ಹಾಕುತ್ತಾರೆ, ಆದರೂ ವರ್ಷಕ್ಕೆ ನೂರಾರು ಟನ್ ಆಂಟಿಬಯಾಟಿಕ್ ಬಳಸುತ್ತಾರೆ. ಅಲ್ಲಿ ಕಾಡುವ ಪಿಸಿರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಮೀನಿನ ಜೀವಕೋಶಗಳ ಒಳಗೇ ಅವಿತು ಬೆಳೆಯುವುದರಿಂದ ಲಸಿಕೆಯ ರಕ್ಷಣೆ ಬಹುಕಾಲ ನಿಲ್ಲುವುದಿಲ್ಲ. ಲಸಿಕೆ ಬಂದರೆ ರೋಗ ಮುಗಿಯಿತು ಎಂದು ನಂಬುವವರು ಈ ಎರಡೂ ದೇಶಗಳನ್ನು ಒಟ್ಟಿಗೆ ನೋಡಬೇಕು.

ಹಾಗಾದರೆ ನಮ್ಮ ಕಾಟ್ಲಾ, ರೋಹುಗಳಿಗೆ ಏಕಿಲ್ಲ? ಒಂದು ಕಾರಣ ರೋಗಾಣುವಿನದ್ದೇ. ಹಸುವಿನ ಕಾಲುಬಾಯಿ ಜ್ವರದ ಲಸಿಕೆಯಲ್ಲಿ ಒಂದಲ್ಲ, ಮೂರು ಬಗೆಯ ವೈರಸ್‌ಗಳನ್ನು ಸೇರಿಸಿರುವುದನ್ನು ನೀವು ಕೇಳಿರಬಹುದು. ಒಂದು ಬಗೆಗೆ ಮಾಡಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಏರೋಮೋನಾಸ್‌ನ ತೊಡಕು ಇದಕ್ಕಿಂತ ದೊಡ್ಡದು. ಅದರಲ್ಲಿ ಹಲವಾರು ಪ್ರಭೇದಗಳಿವೆ, ಪ್ರತಿ ಪ್ರಭೇದದಲ್ಲೂ ಅನೇಕ ಬಗೆಗಳಿವೆ, ಒಂದು ಕೊಳದಿಂದ ತೆಗೆದದ್ದು ಪಕ್ಕದ ಕೊಳದ್ದಕ್ಕೆ ಹೊಂದದಿರಬಹುದು. ಮೇಲಾಗಿ ಅದು ಎಲ್ಲ ಸಿಹಿನೀರಿನಲ್ಲೂ ಸದಾ ಇರುವ ಜೀವಿ, ಮೀನು ಸೊರಗಿದಾಗ ಮಾತ್ರ ಶತ್ರುವಾಗುತ್ತದೆ. ಇ.ಯು.ಎಸ್. ವಿಷಯದಲ್ಲಿ ಎದುರಾಳಿ ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ. ಅಂಥ ಜೀವಿಯ ವಿರುದ್ಧ ರೈತರ ಕೈಗೆ ಸಿಗುವಂಥ ಲಸಿಕೆ ಇನ್ನೂ ಬಂದಿಲ್ಲ.

ಎರಡನೆಯ ಕಾರಣ ಹಣದ್ದು. ಸಾಲ್ಮನ್ ದುಬಾರಿ ಮೀನು, ಒಂದೊಂದಕ್ಕೂ ಸೂಜಿ ಹಾಕಿದ ವೆಚ್ಚವನ್ನು ಅದು ತೀರಿಸುತ್ತದೆ. ನಮ್ಮಲ್ಲಿ ಬೆರಳುದ್ದದ ಮರಿಯೊಂದರ ಬೆಲೆ ಕೆಲವೇ ರೂಪಾಯಿ. ಎಕರೆಗೆ ಬಿಡುವ ಮೂರು, ನಾಲ್ಕು ಸಾವಿರ ಮರಿಗಳನ್ನು ಒಂದೊಂದಾಗಿ ಹಿಡಿದು ಚುಚ್ಚುವುದು ಯಾವ ಸಣ್ಣ ರೈತರಿಗೂ ಆಗದ ಮಾತು. ಆದ್ದರಿಂದ ನಮಗೆ ಬೇಕಾಗಿರುವುದು ಮೇವಿನಲ್ಲಿ ಕೊಡುವ ಲಸಿಕೆ. ಅಲ್ಲಿರುವ ತೊಂದರೆಯೆಂದರೆ ಕರುಳಿನ ಮುಂಭಾಗದಲ್ಲೇ ಲಸಿಕೆಯ ಅಂಶ ಜೀರ್ಣವಾಗಿ ಹೋಗುತ್ತದೆ. ಪ್ರತಿರೋಧವನ್ನು ಎಚ್ಚರಿಸಬೇಕಾದರೆ ಅದು ಕರುಳಿನ ಹಿಂಭಾಗವನ್ನು ಹಾಳಾಗದೆ ತಲುಪಬೇಕು. ಗೆಂಡೆ ಮೀನುಗಳಿಗೆ ನಿಜವಾದ ಜಠರವಿಲ್ಲದಿರುವುದು ಒಂದು ಅನುಕೂಲ. ಆಮ್ಲದ ಕಾಟ ತಪ್ಪುತ್ತದೆ, ಆದರೆ ಕರುಳಿನ ಕಿಣ್ವಗಳ ಕಾಟ ತಪ್ಪುವುದಿಲ್ಲ.

ಈ ತೊಡಕನ್ನು ದಾಟಲು ನಮ್ಮ ರಾಜ್ಯದಲ್ಲೇ ನಡೆದ ಒಂದು ಕೆಲಸವನ್ನು ನಾನು ಗೌರವದಿಂದ ನೆನೆಯುತ್ತೇನೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಡಾ. ಕೆ. ಎಂ. ಶಂಕರ್ ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ಏರೋಮೋನಾಸ್ ಹೈಡ್ರೋಫಿಲಾ ಬ್ಯಾಕ್ಟೀರಿಯಾವನ್ನು ದ್ರವದಲ್ಲಿ ಬಿಡಿಬಿಡಿಯಾಗಿ ಬೆಳೆಸದೆ, ಕೈಟಿನ್ (ಸಿಗಡಿ, ಏಡಿಯ ಚಿಪ್ಪಿನಲ್ಲಿರುವ ವಸ್ತು) ಚಕ್ಕೆಗಳ ಮೇಲೆ ಪೊರೆಯಾಗಿ ಬೆಳೆಸಿ, ಬಿಸಿಯಿಂದ ಕೊಂದು, ಮೇವಿನಲ್ಲಿ ಬೆರೆಸಿ ಗೆಂಡೆ ಮೀನುಗಳಿಗೆ ಉಣಿಸಿದರು. ಬ್ಯಾಕ್ಟೀರಿಯಾ ಪೊರೆಕಟ್ಟಿದಾಗ ತನ್ನ ಸುತ್ತ ಸ್ರವಿಸುವ ಅಂಟು ಕವಚವೇ ಅದನ್ನು ಕರುಳಿನ ಕಿಣ್ವಗಳಿಂದ ಕಾಯುತ್ತದೆ ಎಂಬುದು ಅವರ ಯೋಚನೆ. ಬಿಡಿ ಬ್ಯಾಕ್ಟೀರಿಯಾ ತಿಂದ ಮೀನುಗಳಿಗಿಂತ ಈ ಪೊರೆಯನ್ನು ತಿಂದ ಮೀನುಗಳ ರಕ್ತದಲ್ಲಿ ರೋಗಾಣುವನ್ನು ಎದುರಿಸುವ ಪ್ರತಿಕಾಯಗಳು ಹೆಚ್ಚಾಗಿ ಕಂಡುಬಂದವು, ಸೋಂಕು ತಗುಲಿಸಿದಾಗ ಉಳಿದುಕೊಂಡ ಮೀನುಗಳ ಪ್ರಮಾಣವೂ ಹೆಚ್ಚಿತ್ತು.

ಪ್ರಯೋಗಾಲಯದ ಇಂಥ ಗೆಲುವು ಅಂಗಡಿಯ ಬಾಟಲಿಯಾಗುವ ದಾರಿ ಉದ್ದ. ಲಸಿಕೆಯ ಬಲವನ್ನು ಅಳೆಯುವ ಬಗೆ ಹೀಗಿರುತ್ತದೆ: ಲಸಿಕೆ ಹಾಕಿದ ಮತ್ತು ಹಾಕದ ಎರಡು ಗುಂಪುಗಳಿಗೂ ಒಂದೇ ಪ್ರಮಾಣದ ಸೋಂಕು ತಗುಲಿಸುತ್ತಾರೆ. ಹಾಕದ ಗುಂಪಿನಲ್ಲಿ ನೂರಕ್ಕೆ 80 ಸತ್ತು, ಹಾಕಿದ ಗುಂಪಿನಲ್ಲಿ 20 ಸತ್ತರೆ ರಕ್ಷಣೆ ಶೇ 75 ಎಂದು ಲೆಕ್ಕ. ಆ ಪರೀಕ್ಷೆ ನಡೆಯುವುದು ಶುದ್ಧ ನೀರಿನ ತೊಟ್ಟಿಯಲ್ಲಿ. ಬೆಳಗಿನ ಜಾವ ಆಮ್ಲಜನಕ ಇಳಿದು ಮೀನು ಬಾಯಿ ತೆರೆದು ಮೇಲೆ ಬರುವ ನಿಜವಾದ ಕೊಳದಲ್ಲಿ ಅಷ್ಟೇ ಫಲ ಸಿಗುತ್ತದೆಂಬ ಭರವಸೆಯಿಲ್ಲ. ಹಲವು ಊರುಗಳ ಕೊಳಗಳಲ್ಲಿ, ಹಲವು ಹಂಗಾಮುಗಳಲ್ಲಿ ಪರೀಕ್ಷಿಸಬೇಕು. ಪ್ರತಿ ಸಲ ತಯಾರಾದ ಲಸಿಕೆಯೂ ಒಂದೇ ಗುಣಮಟ್ಟದ್ದೆಂದು ತೋರಿಸಬೇಕು. ಆಮೇಲೆ ಔಷಧ ಕಾಯ್ದೆಯಡಿ ಪರವಾನಗಿ ಪಡೆಯಬೇಕು. ಈಗ ಈ ದಾರಿಯಲ್ಲಿ ಚಲನೆ ಕಾಣುತ್ತಿದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆ, ಅಂದರೆ ಸಿ.ಐ.ಎಫ್.ಎ., ತಾಯಿಮೀನುಗಳಿಗೆ ಹಾಕುವ ಲಸಿಕೆಯೊಂದನ್ನು ರೂಪಿಸಿದೆ. ತಾಯಿಯ ರಕ್ಷಣೆ ಮೊಟ್ಟೆಯ ಮೂಲಕ ಮರಿಗೆ ದಾಟಿ ಮೊದಲ ದಿನಗಳ ಸಾವು ತಗ್ಗಲಿ ಎಂಬುದು ಅದರ ಉದ್ದೇಶ. ಚುಚ್ಚಬೇಕಾದದ್ದು ಕೆಲವೇ ದೊಡ್ಡ ಮೀನುಗಳನ್ನಾದ್ದರಿಂದ ಇದು ನಮ್ಮ ಪರಿಸ್ಥಿತಿಗೆ ಒಗ್ಗುವ ಯೋಚನೆ ಎಂದು ನನ್ನ ಅಭಿಪ್ರಾಯ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಏರೋಮೋನಾಸ್ ರೋಗದ ಲಸಿಕೆಗಾಗಿ ಇದೇ ಭುವನೇಶ್ವರದ ಸಂಸ್ಥೆಯೊಂದಿಗೆ, ಕಾಲಮ್ನಾರಿಸ್ ಮತ್ತು ಎಡ್ವರ್ಡ್‌ಸಿಯೆಲ್ಲಾ ಎಂಬ ಇನ್ನೆರಡು ಬ್ಯಾಕ್ಟೀರಿಯಾ ರೋಗಗಳ ಲಸಿಕೆಗಾಗಿ ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿದೆ.

ವೈರಸ್ ರೋಗಗಳಲ್ಲಿ ಹೊರದೇಶಗಳು ಇನ್ನಷ್ಟು ಮುಂದೆ ಹೋಗಿವೆ. ಚೀನಾದಲ್ಲಿ ಹುಲ್ಲುಗೆಂಡೆಯ ರಕ್ತಸ್ರಾವ ರೋಗಕ್ಕೆ ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ ಇದೆ, ಕೆನಡಾ 2005ರಲ್ಲೇ ಸಾಲ್ಮನ್‌ನ ವೈರಸ್ ರೋಗವೊಂದಕ್ಕೆ ಡಿ.ಎನ್.ಎ. ಲಸಿಕೆಯನ್ನು ಒಪ್ಪಿತು. ನಿಮ್ಮ ಪರಿಚಯದವರು ಕುಮಟಾ, ಕುಂದಾಪುರದ ಕಡೆ ಸಿಗಡಿ ಸಾಕುತ್ತಿದ್ದರೆ ಅವರಿಗೆ ಒಂದು ಮಾತು ತಿಳಿಸಿ. ಸಿಗಡಿಗೆ ಮೀನಿನಂತೆ ಪ್ರತಿಕಾಯ ತಯಾರಿಸುವ ವ್ಯವಸ್ಥೆಯೇ ಇಲ್ಲ. ಆದ್ದರಿಂದ ‘ಸಿಗಡಿ ಲಸಿಕೆ’ ಎಂದು ಮಾರುವವರನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಇ.ಯು.ಎಸ್. ಎಂದು ಖಚಿತವಾದರೆ ಮೊದಲ ಆಯ್ಕೆ ಸುಣ್ಣ, ಅದೂ ಅಳತೆಯಿಂದ. ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಹೊತ್ತು ನೀರಿನ ಪಿ.ಎಚ್., ಅಂದರೆ ಆಮ್ಲ–ಕ್ಷಾರದ ಮಟ್ಟ, ನೋಡಿ. ಅದು 7ಕ್ಕಿಂತ ಕೆಳಗಿದ್ದರೆ ಕೃಷಿ ಸುಣ್ಣವನ್ನು ಎಕರೆಗೆ 50 ಕೆ.ಜಿ. ಮೀರದ ಕಂತುಗಳಲ್ಲಿ, ಕೆಲವು ದಿನಗಳ ಅಂತರದಲ್ಲಿ ಹಾಕಿ. ಮಧ್ಯಾಹ್ನದ ಪಿ.ಎಚ್. 8.5 ದಾಟುತ್ತಿದ್ದರೆ ಸುಟ್ಟ ಸುಣ್ಣ ಹಾಕಲೇಬಾರದು. ಪಿ.ಎಚ್. ಏರಿದಂತೆ ನೀರಿನಲ್ಲಿರುವ ಅಮೋನಿಯಾ ವಿಷವಾಗಿ, ಹುಣ್ಣು ಕೊಲ್ಲದ ಮೀನನ್ನು ಅದು ಕೊಲ್ಲುತ್ತದೆ. ಎರಡನೆಯದು ಸಿ.ಐ.ಎಫ್.ಎ. ರೂಪಿಸಿದ ‘ಸಿಫಾಕ್ಸ್’. ಇದು ನಿಜವಾಗಿಯೂ ಕೊಳಕ್ಕೆ ಹಾಕುವ ದ್ರಾವಣ, ಇ.ಯು.ಎಸ್.ಗೆಂದೇ ತಯಾರಾದದ್ದು, ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರ್ ಲೆಕ್ಕ. ನಿಮ್ಮ ಕೊಳಕ್ಕೆ ಸುಮಾರು 600 ಮಿಲಿಲೀಟರ್ ಆಗುತ್ತದೆ. ಅಂಗಡಿಯವರು ಲಸಿಕೆ ಎಂದು ಕರೆಯುತ್ತಿರುವುದು ಇಂಥದ್ದೇ ಒಂದು ಉತ್ಪನ್ನವಿರಲೂಬಹುದು. ಹೆಸರು, ತಯಾರಕರು, ಘಟಕಾಂಶ ಬರೆದಿರುವ ಮೂಲ ಬಾಟಲಿಯನ್ನೇ ಕೇಳಿ.

ಹೇನು ಕಂಡರೆ ದಾರಿ ಬೇರೆ. ಅದು ಗಟ್ಟಿ ಮೇಲ್ಮೈಯ ಮೇಲೆ ಮೊಟ್ಟೆಯಿಡುವುದರಿಂದ ಬಿದಿರಿನ ಗಳುಗಳನ್ನು ಕೊಳದಲ್ಲಿ ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿನಲ್ಲಿ ಒಣಗಿಸಿದರೆ ಸಂಖ್ಯೆ ತಗ್ಗುತ್ತದೆ. ಬೆಳೆಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳನ್ನು ಕೊಳಕ್ಕೆ ಹಾಕುವ ರೂಢಿ ಹಲವೆಡೆ ಇದೆ. ಹೇನು ಸಾಯುವುದು ನಿಜ. ಆದರೆ ಹೇನಿನದೇ ಬಳಗವಾದ, ಕಾಟ್ಲಾ ತಿಂದು ಬೆಳೆಯುವ ಪ್ರಾಣಿ ಪ್ಲವಕಗಳೂ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಸಾಯುತ್ತವೆ, ಅಳತೆ ತುಸು ತಪ್ಪಿದರೆ ಮೀನೂ ಸಾಯುತ್ತದೆ. ಏರೋಮೋನಾಸ್ ಎಂದು ವರದಿ ಬಂದರೆ ಮಾತ್ರ, ಅದು ಸೂಚಿಸಿದ ಆಂಟಿಬಯಾಟಿಕ್ ಕುರಿತು ಯೋಚಿಸಿ. ಮೂರರಲ್ಲಿ ಯಾವುದೇ ಆಗಿರಲಿ, ಸತ್ತ ಮೀನನ್ನು ದಿನವೂ ತೆಗೆದು ಸುಣ್ಣ ಹಾಕಿ ಹೂಳುವುದು, ಮೇವನ್ನು ಅರ್ಧಕ್ಕೆ ಇಳಿಸುವುದು, ಬಲೆಯನ್ನು ಒಣಗಿಸದೆ ಬೇರೆ ಕೊಳಕ್ಕೆ ಒಯ್ಯದಿರುವುದು ಇಂದಿನಿಂದಲೇ ನಡೆಯಲಿ. ಬೆಳೆ ಮುಗಿದ ಮೇಲೆ ಕೊಳವನ್ನು ಪೂರ್ತಿ ಒಣಗಿಸಿ, ಕೆಸರು ತೆಗೆದು, ಮಣ್ಣು ಪರೀಕ್ಷೆಯಂತೆ ಸುಣ್ಣ ಹಾಕಿ. ಮುಂದಿನ ವರ್ಷ ಮೃಗಾಲ್ ಕಡಿಮೆ ಮಾಡಿ ಸಾಮಾನ್ಯ ಗೆಂಡೆ ಹೆಚ್ಚಿಸುವುದನ್ನೂ ಯೋಚಿಸಬಹುದು.

ಕೊನೆಯದಾಗಿ ಮಾರಾಟದ ಪ್ರಶ್ನೆ. ಇ.ಯು.ಎಸ್. ರೋಗಾಣು ಮನುಷ್ಯರಿಗೆ ಅಂಟುವುದಿಲ್ಲ. ಪರವಾನಗಿ ಪಡೆದ ಲಸಿಕೆ ಹಾಕಿದ ಮೀನನ್ನು ತಿನ್ನುವುದರಿಂದಲೂ ಅಪಾಯವಿಲ್ಲ. ಹುಣ್ಣಿರುವ ಮೀನನ್ನು ಮಾತ್ರ ಮಾರಬೇಡಿ, ಕೈಯಲ್ಲಿ ಗಾಯವಿರುವವರು ಅದನ್ನು ಮುಟ್ಟುವುದೂ ಬೇಡ, ಏಕೆಂದರೆ ಏರೋಮೋನಾಸ್ ಗಾಯದ ಮೂಲಕ ಮನುಷ್ಯರಿಗೂ ಸೋಂಕು ತರಬಲ್ಲದು. ನಿಮ್ಮ ಮೀನಿನಲ್ಲಿ ನಿಜವಾದ ಚಿಂತೆ ಆ ಹೆಸರಿಲ್ಲದ ಪುಡಿಯದು. ಅದು ಆಕ್ಸಿಟೆಟ್ರಾಸೈಕ್ಲಿನ್ ಆಗಿದ್ದರೆ, ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಮೀನಿನಲ್ಲಿ ಅದರ ಉಳಿಕೆ ಕೆ.ಜಿ.ಗೆ 0.1 ಮಿಲಿಗ್ರಾಂ ಮೀರಬಾರದು. ಮೀನು ಹಿಡಿಯುವ ಮುನ್ನ ಕಾಯಬೇಕಾದ ಅವಧಿಯನ್ನು ಲೇಬಲ್ಲಿನಲ್ಲಿ ಹೇಳದ ಔಷಧಗಳಿಗೆ ಯುರೋಪಿನಲ್ಲಿ 2022ರ ಆರಂಭದವರೆಗೆ ಕನಿಷ್ಠ 500 ದಿನ–ಡಿಗ್ರಿ ಕಾಯುವ ಕ್ರಮವಿತ್ತು. 25 ಡಿಗ್ರಿ ನೀರಿನಲ್ಲಿ ಅದು 20 ದಿನ, ಡಿಸೆಂಬರಿನ ಚಳಿಯಲ್ಲಿ ನಿಮ್ಮ ನೀರು 20 ಡಿಗ್ರಿಗೆ ಇಳಿದಿದ್ದರೆ 25 ದಿನ. ಪುಡಿ ಹಾಕಿದ ಕೊನೆಯ ದಿನದಿಂದ ಎಣಿಸಿದರೆ ಸಂಕ್ರಾಂತಿಯ ಹೊತ್ತಿಗೆ ಆ ಅವಧಿ ಕಳೆದಿರಬಹುದು. ಆದರೆ ಪುಡಿ ಕ್ಲೋರಾಂಫೆನಿಕಾಲ್ ಅಥವಾ ನೈಟ್ರೋಫ್ಯೂರಾನ್ ಆಗಿದ್ದರೆ ಈ ಲೆಕ್ಕವೇ ನಡೆಯುವುದಿಲ್ಲ. ಆಹಾರಕ್ಕಾಗಿ ಸಾಕುವ ಮೀನಿಗೆ ಅವು ಸಂಪೂರ್ಣ ನಿಷಿದ್ಧ, ನೈಟ್ರೋಫ್ಯೂರಾನಿನ ಅಂಶ ಮಾಂಸದಲ್ಲಿ ಬಹಳ ಕಾಲ ಅಂಟಿಕೊಂಡಿರುತ್ತದೆ. ಆದ್ದರಿಂದ ಪುಡಿಯಲ್ಲಿ ಉಳಿದದ್ದು ಒಂದು ಚಮಚವಿದ್ದರೂ ಅದನ್ನು, ಅದರೊಂದಿಗೆ ಹುಣ್ಣಿಲ್ಲದ ಒಂದು ಮೀನನ್ನೂ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಮೂಲಕ ಉಳಿಕೆ ಪರೀಕ್ಷೆಗೆ ಕಳಿಸಿ. ವರದಿ ಕೈಗೆ ಬಂದ ಮೇಲೆಯೇ ಬಲೆ ಇಳಿಸಿ.